ಕೊರಡಿನಡಿಯ ಪೈರು



ಋತುಗಳನ್ನು ಹೆಸರಿಸಿ ಎಂದರೆ ನೀವು ವಸಂತದಿಂದ ಶಿಶಿರದವರೆಗೆ ಆರನ್ನೂ ತಟ್ಟನೆ ಹೇಳುವಿರಿ. ರೈತನನ್ನು ಕೇಳಿದರೆ ಅವನು ಮಳೆ ನಕ್ಷತ್ರಗಳನ್ನು ಎಣಿಸುತ್ತಾನೆ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ಒಂದೊಂದಕ್ಕೂ 13-14 ದಿನಗಳ ಅವಧಿ. ಅದರೊಳಗೆ ಅದರದರ ಕೆಲಸ ಮುಗಿಯಬೇಕು. ನಿಮ್ಮ ವರ್ಷವೂ ಹೀಗೆಯೇ ಸಾಗುತ್ತದೆ. ಬೇಸಿಗೆಯಲ್ಲಿ ಫಲಿತಾಂಶ, ಮುಂಗಾರಿನೊಡನೆ ಹೊಸ ತರಗತಿ. ಪಾಸಾದವರಿಗೆ ಇದು ಹಿತವಾದ ಮಾತು. ಫೇಲಾದವರಿಗೆ?

ನಾನು ಫೇಲಾದವನು. ದ್ವಿತೀಯ ಪಿ.ಯು.ಸಿ.ಯಲ್ಲಿ ಗಣಿತ ಹೋಗಿತ್ತು. ಗೆಳೆಯರು ಧಾರವಾಡದ ಬಸ್ಸು ಹತ್ತಿದರು. ನಾನು ಹಾವೇರಿ ಸೀಮೆಯ ನಮ್ಮ ಹೊಲದಲ್ಲಿ ಉಳಿದೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು.

ಆ ಭಾಗದಲ್ಲಿ 'ಗುಳಿ ರಾಗಿ' ಎಂಬ ಹಳೆಯ ಪದ್ಧತಿಯಿದೆ. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆಗಳು ಕೂಡಿದಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ, ಸುಮಾರು ಮೂರು ವಾರದ ಸಸಿಗಳನ್ನು ಎರಡೆರಡಾಗಿ ನೆಡುತ್ತಾರೆ. ಗುಳಿಯಿಂದ ಗುಳಿಗೆ ಒಂದೂವರೆ ಅಡಿ ಅಂತರ. ಆ ಮಳೆಗಾಲ ನೆಟ್ಟವನು ನಾನೇ. ನಾಲ್ಕು ಹನಿ ಬಿದ್ದು ಸಸಿಗಳು ಚಿಗುರಿದಾಗ, ಏನೋ ಒಂದನ್ನಾದರೂ ಸರಿಯಾಗಿ ಮಾಡಿದೆನಲ್ಲ ಎಂದು ಸಮಾಧಾನವಾಗಿತ್ತು.

ಒಂದು ಮುಂಜಾನೆ ಅಪ್ಪ ಎತ್ತು ಹೂಡಿ, ಹಿಂದೆ ಹಗುರವಾದ ಒಂದು ಮರದ ಕೊರಡು ಕಟ್ಟಿ, ಅದನ್ನು ಆ ಎಳೆಯ ಪೈರಿನ ಮೇಲೆಯೇ ಎಳೆಸಿದರು. ಸಾಲಿಗೆ ಸಾಲೇ ಮಲಗಿತು. ನಾನು ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತದ್ದು ರಾಗಿಗಾಗಿ ಮಾತ್ರ ಅಲ್ಲ ಎಂದು ಅಪ್ಪನಿಗೆ ತಿಳಿದಿರಬೇಕು. "ಅಳಬ್ಯಾಡೋ ತಮ್ಮಾ, ಎಂಟು ದಿನ ಬಿಟ್ಟು ಬಂದು ನೋಡು" ಎಂದರು.

ಎಂಟು ದಿನದ ಮೇಲೆ ಬಗ್ಗಿದ್ದ ಸಸಿಗಳೆಲ್ಲ ನಿಂತಿದ್ದವು. ಬುಡದ ಸುತ್ತ ಹೊಸ ತೆಂಡೆಗಳು ಒಡೆಯುತ್ತಿದ್ದವು. ಮೇಲೆ ಬೆಳೆಯುವ ಓಟಕ್ಕೆ ತಡೆಯಾದಾಗ ಗಿಡ ಬುಡದ ಮೊಗ್ಗುಗಳನ್ನು ಎಬ್ಬಿಸುತ್ತದೆ, ಬೇರನ್ನು ಬಲಪಡಿಸುತ್ತದೆ. ಒಂದು ತೆನೆಯ ಜಾಗದಲ್ಲಿ ಹಲವು ತೆನೆ.

ಈ ಕಥೆ ಕೇಳಿ, ಮಕ್ಕಳನ್ನು ತುಳಿದಷ್ಟೂ ಒಳ್ಳೆಯದು ಎಂದು ಯಾವ ಮೇಷ್ಟ್ರೂ ಭಾವಿಸಬಾರದು! ಕೊರಡು ಹಗುರವಾಗಿರಬೇಕು, ಹೊಲದಲ್ಲಿ ಹದವಿರಬೇಕು, ಸಸಿ ಎಳೆಯದಿರಬೇಕು. ಕಾಂಡ ಬಲಿತ ಮೇಲೆ ಎಳೆದರೆ ಮುರಿದೇ ಹೋಗುತ್ತದೆ. ಸಸಿಯ ನಡುವೆ ಜಾಗ ಬಿಟ್ಟಿರಬೇಕೆಂಬುದೂ ಅಷ್ಟೇ ಮುಖ್ಯ. ಒತ್ತೊತ್ತಾಗಿ ಬೆಳೆದದ್ದು ತೆಂಡೆ ಒಡೆಯಲು ಬಿಸಿಲೆಲ್ಲಿಂದ ತರಬೇಕು? ನನಗೆ ಆ ವರ್ಷ ಸಿಕ್ಕಿದ್ದು ಅಂಥ ಜಾಗ. ಯಾರೊಂದಿಗೂ ಓಟವಿರಲಿಲ್ಲ. ಬಾಯಿಪಾಠ ಮಾಡಿದ್ದ ಲೆಕ್ಕಗಳನ್ನು ಬದುವಿನ ಮೇಲೆ ಕುಳಿತು ಮೊದಲಿನಿಂದ ಬಿಡಿಸಿದೆ. ಕೆಲವಂತೂ ಹತ್ತನೆಯ ತರಗತಿಯಲ್ಲೇ ಅರ್ಥವಾಗಿರಲಿಲ್ಲವೆಂದು ಆಗ ಗೊತ್ತಾಯಿತು.

ಮಳೆ ಹಿಂದೆ ಸರಿಯಿತು, ಶರದೃತುವಿನ ಬಿಳಿ ಮೋಡಗಳು ಬಂದವು. ಪೂರಕ ಪರೀಕ್ಷೆ ಬರೆದು ಸಂಜೆಯ ಬಸ್ಸಿಗೆ ಊರಿಗೆ ಬಂದೆ. ದಾರಿಬದಿಯ ನಮ್ಮ ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತು. ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದರು. ಹೇಗೆ ಬರೆದೆ ಎಂದು ಕೇಳಲಿಲ್ಲ.

"ಹೊಟ್ಟಿ ಹಸ್ದಿರಬೇಕು, ಕೈಕಾಲು ತೊಳ್ಕೋ" ಎಂದರು.