ಪೂರ್ತಿಯಾಗದ ಪದ ರಂಗಕ್ಕೆ ಬಂದಾಗ

(ವಾಮಂಜೂರಿನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅರ್ಧ ಸಿದ್ಧವಾದ ಹಾಡನ್ನು ಜನರ ಮುಂದೆ ಹಾಡಬಹುದೇ? ಸಂಗೀತ ಕಛೇರಿಗಳಿಗೆ ಹೋಗಿ ರೂಢಿಯಾದವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡೀತು. ಸರಿಯಾಗಿ ಪಾಠವಾಗದ ಕೀರ್ತನೆಯನ್ನು ವೇದಿಕೆಗೆ ತರುವ ಧೈರ್ಯ ಅಲ್ಲಿ ಯಾರಿಗೂ ಬಾರದು. ಆದರೆ ವಾಮಂಜೂರು, ಕುಡುಪು, ಗುರುಪುರದ ಗದ್ದೆಗಳಲ್ಲಿ ಬಯಲಾಟ ನೋಡುತ್ತ ಬೆಳೆದ ನಿಮಗೆ ಇದೇನೂ ಹೊಸತಲ್ಲ. ಯಕ್ಷಗಾನದ ಪದ ರಂಗಕ್ಕೆ ಬರುವಾಗ ಪೂರ್ತಿಯಾಗಿರುವುದೇ ಇಲ್ಲ.

ಯಾವುದಾದರೊಂದು ಪ್ರಸಂಗ ಪುಸ್ತಕವನ್ನು ಬಿಡಿಸಿ ನೋಡಿ. ಪದ್ಯ, ಅದರ ತಲೆಯ ಮೇಲೆ ರಾಗ-ತಾಳಗಳ ಹೆಸರು, ಅಷ್ಟೇ. ಸ್ವರಲಿಪಿ ಇಲ್ಲ. ಝಂಪೆ ಎಂದು ಬರೆದಿದ್ದರೆ ಯಾವ ಕಾಲದಲ್ಲಿ ಹಾಡಬೇಕು, ಯಾವ ಸಾಲನ್ನು ಎಷ್ಟು ಸಲ ಮರಳಿಸಬೇಕು, ಬಿಡ್ತಿಗೆ ಎಲ್ಲಿ ಬೀಳಬೇಕು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಮಾತಂತೂ ಬಹುಮಟ್ಟಿಗೆ ವೇಷಧಾರಿಯ ಆಶುಸೃಷ್ಟಿ. ಭಾಗವತರನ್ನು ‘ಮೊದಲನೆಯ ವೇಷ’ ಎಂದು ಕರೆಯುವುದು ಬರಿಯ ಗೌರವಕ್ಕಲ್ಲ. ಕವಿ ಬಿಟ್ಟ ಕೆಲಸವನ್ನು ಮುಂದುವರಿಸುವವರು ಅವರು.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೆ ತಲೆತಲಾಂತರದ ನಡೆಯೊಂದು ಇದೆ. ಹೊಸ ಪ್ರಸಂಗಕ್ಕೆ ಆ ಆಸರೆಯಿಲ್ಲ. ನಾಟಕದವರಂತೆ ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಪದ್ಧತಿ ಮೇಳಗಳಲ್ಲಿಲ್ಲ. ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತಲೇ ಕಥೆಯ ನಡೆಯ ಬಗ್ಗೆ ಮಾತಾಗುತ್ತದೆ. ಆಮೇಲೆ ಪರೀಕ್ಷೆ ರಂಗಸ್ಥಳದಲ್ಲೇ. ಕವಿ ಬಹಳ ಪ್ರೀತಿಯಿಂದ ಬರೆದ ಪದ್ಯಕ್ಕೆ ಕುಣಿತ ಹೊಂದದೆ ಹೋಗಬಹುದು. ಸುಮ್ಮನೆ ಬರೆದ ಸಾಲಿಗೆ ಚಂಡೆ ಏರಿದಾಗ ಸಭೆ ನಿದ್ದೆಯಿಂದ ಎದ್ದು ಕೂರಬಹುದು. ಮರುದಿನ ಇನ್ನೊಂದು ಊರು. ಮೊದಲಿನ ಪದ್ಯ ಬಿಟ್ಟುಹೋಗುತ್ತದೆ, ಎರಡನೆಯದರ ರಾಗ ಬದಲಾಗುತ್ತದೆ. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ಪ್ರಸಂಗಕ್ಕೆ ಒಂದು ರೂಪ ಬಂದಿರುತ್ತದೆ. ಅದನ್ನು ತಿದ್ದಿದವರಲ್ಲಿ ಆಕಳಿಸಿದ ಪ್ರೇಕ್ಷಕನೂ ಒಬ್ಬ!

ಬರೆಯುವವರು ಮತ್ತು ಹಾಡುವವರು ಒಬ್ಬರೇ ಆದರೆ ಈ ದಾರಿ ಹತ್ತಿರವಾಗುತ್ತದೆ. ತೆಂಕಿನಲ್ಲಿ ಅಗರಿ ಶ್ರೀನಿವಾಸ ಭಾಗವತರು ಹಾಗಿದ್ದರು. ಬಡಗಿನಲ್ಲಿ ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ ಬರೆದ ಗುಂಡ್ಮಿ ಕಾಳಿಂಗ ನಾವಡರು ಹಾಗಿದ್ದರು. ನಾವಡರು 1990ರಲ್ಲಿ, ಇನ್ನೂ ಚಿಕ್ಕ ಹರೆಯದಲ್ಲಿ, ಅಪಘಾತದಲ್ಲಿ ತೀರಿಕೊಂಡರು. ಅವರ ಪ್ರಸಂಗಗಳ ಮುದ್ರಿತ ಪದ್ಯಗಳನ್ನು ಓದಿದರೆ ಅವರ ಹಾಡಿಕೆಯ ಅರ್ಧ ಪಾಲೂ ಸಿಗುವುದಿಲ್ಲ. ಉಳಿದದ್ದು ಕ್ಯಾಸೆಟ್ಟುಗಳಲ್ಲಿ, ಕೇಳಿದವರ ಕಿವಿಯಲ್ಲಿ.

ಪಶ್ಚಿಮದಲ್ಲೂ ಇಂಥದ್ದು ನಡೆದಿದೆ, ಆದರೆ ಅಲ್ಲಿ ಅದು ನೋವಿನ ಕಥೆ. ಬಿಥೋವನ್ ಬರೆದ ಏಕೈಕ ಗೀತನಾಟಕ ‘ಫಿದೆಲಿಯೊ’ 1805ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದು ಸೋತಿತು. 1806ರಲ್ಲಿ ಕತ್ತರಿಸಿ ಮತ್ತೆ ತಂದರು. ಇಂದು ಹಾಡುವುದು 1814ರ ರೂಪವನ್ನು. ಅಲ್ಲಿ ಮೊದಲ ಪ್ರದರ್ಶನ ಸೋಲಾಯಿತು. ನಮ್ಮಲ್ಲಿ ಅದು ಬರಿಯ ಮೊದಲ ರಾತ್ರಿ.

ಹಾಗೆಂದು ಎಲ್ಲವೂ ಸುಖವಾಗಿಲ್ಲ. ಕವಿಯ ಮಾತಿಗೆ ಏನು ಬೆಲೆ ಎಂಬ ಪ್ರಶ್ನೆ ಇದ್ದೇ ಇದೆ. ಛಂದಸ್ಸಿಗೆ ತಲೆ ಕೆಡಿಸಿಕೊಂಡು ಬರೆದ ಪದ್ಯಗಳನ್ನು ಹೊತ್ತಾಯಿತೆಂದು ಹಾರಿಸಿದರೆ ಬರೆದವನಿಗೆ ನೋವಾಗದೆ ಇರುತ್ತದೆಯೇ? ಕಾಲಮಿತಿಯ ಆಟಗಳಲ್ಲಿ ಈ ಕತ್ತರಿ ಇನ್ನೂ ಹರಿತ. ಹರಕೆಯ ಆಟ ಆಡಿಸುವ ಮನೆಯವರ ಮಾತೂ ಒಂದಿದೆ: ಹಣ ಎಲ್ಲರೂ ಒಂದೇ ಕೊಡುತ್ತಾರೆ, ಹಸಿ ಪದ ಮಾತ್ರ ಮೊದಲು ಆಡಿಸಿದವರ ಪಾಲಿಗೆ ಏಕೆ?

ಇವೆರಡಕ್ಕಿಂತ ದೊಡ್ಡ ತೊಡಕು ಧ್ವನಿಮುದ್ರಣದ್ದು. ಮೊದಲೆಲ್ಲ ಹಸಿ ಪದ ಆ ರಾತ್ರಿಯೇ ಗಾಳಿಯಲ್ಲಿ ಕರಗುತ್ತಿತ್ತು. ಈಗ ಮೊದಲ ಆಟವೇ ಮೊಬೈಲಿನಲ್ಲಿ ಸೆರೆಯಾಗಿ ಬೆಳಗಾಗುವುದರೊಳಗೆ ಊರೂರಿಗೆ ತಲುಪುತ್ತದೆ. ಭಾಗವತರು ಇನ್ನೂ ಹುಡುಕಾಡುತ್ತಿದ್ದ ರಾಗ, ತಪ್ಪಿ ಎತ್ತಿದ ಸಾಲು, ಎಲ್ಲವೂ ಅದರಲ್ಲುಂಟು. ಕಲಿಯುವ ಹುಡುಗರು ಅದನ್ನೇ ಪಾಠವೆಂದು ಒಪ್ಪಿಸಿದರೆ ಭಾಗವತರು ತಾವೇ ಕೈಬಿಟ್ಟದ್ದು ಪರಂಪರೆಯಾಗಿ ನಿಲ್ಲುತ್ತದೆ. ಮುದ್ರಿಸಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೊದಲ ಆಟವನ್ನು ಹಿಡಿದವರು ಪತ್ತನಾಜೆಯ ಹತ್ತಿರದ ಆಟವೊಂದನ್ನೂ ಹಿಡಿಯಲಿ. ಎರಡರ ಮೇಲೂ ಊರು, ದಿನಾಂಕ, ಭಾಗವತರ ಹೆಸರು ಬರೆದಿಡಲಿ.