ಬೆಚ್ಚಗಿನ ಮನೆ: ಧನುರ್ಮಾಸದಿಂದ ಸಂಕ್ರಾಂತಿಯವರೆಗೆ

(ದೆಹಲಿಯಲ್ಲಿ ನಡೆದ ಮಹಿಳಾ ವೇದಿಕೆಯ ಡಿಸೆಂಬರ್ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ವೇದಿಕೆಯ ಎಲ್ಲ ಸೋದರಿಯರಿಗೂ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿರುವ ಹಿರಿಯರಿಗೂ, ಚಹಾ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿರುವ ಮಹನೀಯರಿಗೂ ನಮಸ್ಕಾರ.

ಚಳಿಗಾಲದ ಹಬ್ಬಗಳಿಗೆ ಮನೆಯನ್ನು ಸಿದ್ಧಗೊಳಿಸುವುದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕೇಳಿದ್ದಾರೆ. ಅಲಂಕಾರ ಎಂದ ಕೂಡಲೇ ನಮಗೆ ದೀಪಾವಳಿ, ನವರಾತ್ರಿ ನೆನಪಾಗುತ್ತವೆ. ಆದರೆ ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯುತ್ತದೆ, 25ಕ್ಕೆ ಕ್ರಿಸ್‌ಮಸ್, ಆಮೇಲೆ ಹೊಸ ವರ್ಷ, ಜನವರಿ 13ಕ್ಕೆ ಪಂಜಾಬಿ ನೆರೆಯವರ ಲೋಹ್ರಿ, ಮರುದಿನ ನಮ್ಮ ಸಂಕ್ರಾಂತಿ. ಲೆಕ್ಕ ಹಾಕಿದರೆ ಪೂರ್ತಿ ಒಂದು ತಿಂಗಳ ಹಬ್ಬ. ದೆಹಲಿಯಲ್ಲಿ ಇದೇ ತಿಂಗಳು ಕೈ ಕಾಲು ಮರಗಟ್ಟುವ ತಿಂಗಳು ಕೂಡ. ಆದ್ದರಿಂದ ಇಲ್ಲಿ ಮನೆಯನ್ನು ಚೆಂದ ಮಾಡುವುದಕ್ಕಿಂತ ಮೊದಲು ಬೆಚ್ಚಗೆ ಮಾಡಬೇಕು.

ಊರಿನಿಂದ ಮೊದಲ ಸಲ ಬಂದವರು ಕೇಳುವ ಪ್ರಶ್ನೆ ಒಂದೇ: "ಹೊರಗಿಗಿಂತ ಮನೆಯೊಳಗೇ ಯಾಕೆ ಇಷ್ಟು ಚಳಿ?" ಕಾರಣ ಸರಳ. ದೆಹಲಿಯ ಮನೆಗಳನ್ನು ಕಟ್ಟಿರುವುದು ಮೇ, ಜೂನ್ ತಿಂಗಳ ಬೇಗೆಗೆ. ಅಮೃತಶಿಲೆಯ ಅಥವಾ ಮೊಸಾಯಿಕ್ ನೆಲ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು, ದೊಡ್ಡ ಕಿಟಕಿ. ಬೇಸಿಗೆಯಲ್ಲಿ ಕಾಪಾಡುವ ಇವೇ ಚಳಿಗಾಲದಲ್ಲಿ ಕಾಡುತ್ತವೆ. ಹಾಗೆಂದು ಮನೆ ಒಡೆದು ಕಟ್ಟಲಾಗುವುದಿಲ್ಲವಲ್ಲ, ಇರುವುದರಲ್ಲೇ ಜಾಣತನ ತೋರಿಸಬೇಕು.

ಮೊದಲನೆಯದು ಬಿಸಿಲು. ಇದಕ್ಕೆ ಬಿಲ್ ಬರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನ ಬೆಂಗಳೂರಿನ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿದ್ದರೆ ದೆಹಲಿಯಲ್ಲಿ ಬರೀ 38 ಡಿಗ್ರಿ. ಸೂರ್ಯ ತಗ್ಗಿದಷ್ಟೂ ಬಿಸಿಲು ಮನೆಯೊಳಗೆ ಆಳವಾಗಿ ಬರುತ್ತದೆ. ಮುಂದೆ ಅಡ್ಡವಿಲ್ಲದ ದಕ್ಷಿಣದ ಕಿಟಕಿಯ ಮೇಲಂಚು 7 ಅಡಿ ಎತ್ತರದಲ್ಲಿದ್ದರೆ, ಮಧ್ಯಾಹ್ನದ ಬಿಸಿಲು ಸುಮಾರು 9 ಅಡಿ ಒಳಗೆ ಬಂದು ಬೀಳುತ್ತದೆ. ಆ ಜಾಗದಲ್ಲಿ ಏನಿದೆ ನೋಡಿ. ಬಹಳ ಮನೆಗಳಲ್ಲಿ ಅಲ್ಲಿ ಟಿ.ವಿ. ಮೇಜು ಇರುತ್ತದೆ, ಅಜ್ಜಿಯ ಕುರ್ಚಿ ಇನ್ನೊಂದು ಮೂಲೆಯಲ್ಲಿರುತ್ತದೆ. ಈ ಒಂದು ತಿಂಗಳ ಮಟ್ಟಿಗೆ ಅದಲು ಬದಲು ಮಾಡಿ. ಹತ್ತು ಗಂಟೆಗೆ ಪರದೆ ಸರಿಸಿ, ನಾಲ್ಕೂವರೆಗೆಲ್ಲ ಎಳೆದುಬಿಡಿ. ಐದೂವರೆಗೆ ಸೂರ್ಯ ಮುಳುಗುವ ಊರಿದು. ಹಗಲಿನ ಕಾವು ಆಮೇಲೆ ಗಾಜಿನ ಮೂಲಕವೇ ಹೊರಟುಹೋಗುತ್ತದೆ. ಗಾಳಿಗೆ ಕಿಟಕಿ ತೆರೆಯುವುದಾದರೂ ಮಧ್ಯಾಹ್ನವೇ ತೆರೆಯಿರಿ. ಬೆಳಗಿನ ಮಂಜಿನಲ್ಲಿ ಹೊಗೆ, ಧೂಳು ಕೆಳಗೇ ನಿಂತಿರುತ್ತದೆ.

ಎರಡನೆಯದು ನೆಲ ಮತ್ತು ಬಟ್ಟೆ. ಇಲ್ಲಿ ಕನ್ನಡದ ಮನೆಗೆ ಅದರದೇ ಸಿರಿ ಇದೆ. ನವಲಗುಂದದ ಜಮಖಾನೆ ಗೊತ್ತಲ್ಲ? ಗಟ್ಟಿ ಬಣ್ಣ, ನವಿಲು, ಚೌಕಾಬಾರದ ಮನೆಗಳಂಥ ವಿನ್ಯಾಸ. ತಲೆಮಾರುಗಳಿಂದ ಹೆಣ್ಣುಮಕ್ಕಳೇ ನೇಯ್ದುಕೊಂಡು ಬಂದ ಕಸುಬು ಅದು. ಕೂರುವ ಕೋಣೆಯಲ್ಲಿ ಅದನ್ನು ಹಾಸಿದರೆ ನೆಲದ ಚಳಿಯೂ ತಪ್ಪುತ್ತದೆ, ಬೇರೆ ಅಲಂಕಾರವೂ ಬೇಕಿಲ್ಲ. ಚಳ್ಳಕೆರೆಯ ಕಂಬಳಿ ಚುಚ್ಚುತ್ತದೆ ಎಂದು ಅಟ್ಟ ಸೇರಿಸಿದ್ದರೆ ಕೆಳಗಿಳಿಸಿ, ಹಾಸಿಗೆಯ ಮೇಲೆ ಹಾಸಿ ಅದರ ಮೇಲೊಂದು ಹತ್ತಿಯ ದುಪ್ಪಟಿ ಹರಡಿ. ಕೆಳಗಿನ ಥಂಡಿ ಮೇಲೆ ಬರುವುದಿಲ್ಲ. ಇನ್ನು ಕೌದಿ. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ: ಅವ್ವನ ಇಳಕಲ್ ಸೀರೆ, ಅಜ್ಜನ ಧೋತರ, ಮಗುವಿನ ಕುಂಚಿಗೆ ಎಲ್ಲ ಒಂದರ ಮೇಲೊಂದು ಸೇರಿ ಹೊಲಿಗೆಯಲ್ಲಿ ಒಂದಾಗುವ ವಸ್ತು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಈಗ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗುತ್ತವೆ. ನಿಮ್ಮ ಮನೆಯದನ್ನು ಪೆಟ್ಟಿಗೆಯಲ್ಲಿಟ್ಟು ಸೋಫಾದ ಮೇಲೆ ಅಂಗಡಿಯ ಪಾಲಿಯೆಸ್ಟರ್ ಹೊದಿಕೆ ಹಾಸಬೇಡಿ. ಬಾಗಿಲ ಸಂದಿಗೆ ಹಳೆಯ ಸೀರೆಯನ್ನು ಸುತ್ತಿ, ಚೀಲದಂತೆ ಹೊಲಿದು ಅಡ್ಡ ಇಡಿ. ಹತ್ತು ನಿಮಿಷದ ಕೆಲಸ, ಅದೇ ರಾತ್ರಿ ಫಲ ಗೊತ್ತಾಗುತ್ತದೆ.

ದೀಪ, ಹೂವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ನೀವೆಲ್ಲ ನನಗಿಂತ ಜಾಣೆಯರು. ಎಲ್.ಇ.ಡಿ. ಸರ ಕೊಳ್ಳುವಾಗ ನೀಲಿ ಬೆಳಕಿನದು ಬೇಡ, ಹಳದಿ ಛಾಯೆಯದು ತನ್ನಿ. ಅದೇ ಕೋಣೆ ಬೆಚ್ಚಗೆ ಕಾಣುತ್ತದೆ. ಸೇವಂತಿಗೆಗೆ ಇದೇ ಕಾಲ. ಗಾಜಿಪುರದ ಹೂವಿನ ಮಂಡಿಗೆ ನಾಲ್ಕು ಮನೆಯವರು ಸೇರಿ ಹೋಗಿ ಬಂದರೆ ಮನೆಮನೆಗೂ ಬುಟ್ಟಿ ತುಂಬುತ್ತದೆ. ಕ್ರಿಸ್‌ಮಸ್ ಮರ ಇಡುವ ಮಕ್ಕಳಿದ್ದರೆ ಅದಕ್ಕೆ ಚನ್ನಪಟ್ಟಣದ ಪುಟ್ಟ ಗೊಂಬೆಗಳನ್ನು ಕಟ್ಟಲಿ. ನವರಾತ್ರಿಗೆ ಇಳಿದ ಗೊಂಬೆಗಳು ಇನ್ನೊಮ್ಮೆ ಬೆಳಕು ಕಾಣಲಿ.

ಈಗ ಬೆಂಕಿಯ ವಿಷಯ. ಇಲ್ಲಿ ಮಾತ್ರ ದಯವಿಟ್ಟು ಕಿವಿಗೊಡಿ. ಪ್ರತಿ ಚಳಿಗಾಲದಲ್ಲೂ ದೆಹಲಿಯಲ್ಲಿ ಮುಚ್ಚಿದ ಕೋಣೆಯೊಳಗೆ ಅಂಗೀಠಿ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಬರುತ್ತದೆ. ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್‌ನದೂ ಇದೇ ಕಥೆ. ಕೆಂಡ ಕಾಯಿಸಿಕೊಳ್ಳುವುದಾದರೆ ಬಯಲಿನಲ್ಲಿ, ಲೋಹ್ರಿಯ ಹಾಗೆ. ವಿದ್ಯುತ್ ಹೀಟರ್ ಆದರೂ ಪರದೆ, ಹಾಸಿಗೆಯಿಂದ ಮೂರು ಅಡಿ ದೂರ ಇರಲಿ. 2000 ವ್ಯಾಟಿನದು ಗಂಟೆಗೆ 2 ಯೂನಿಟ್ ಎಳೆಯುತ್ತದೆ, ಅದನ್ನು ತೆಳ್ಳನೆಯ ಎಕ್ಸ್‌ಟೆನ್ಷನ್ ತಂತಿಗೆ ಸಿಕ್ಕಿಸಬೇಡಿ. ಮಲಗುವ ಮೊದಲು ಕೋಣೆ ಕಾಯಿಸಿ, ಆರಿಸಿ, ಹೊದ್ದು ಮಲಗಿ.

ಇದನ್ನು ನಮಗಾಗಿ ಮಾತ್ರ ಹೇಳುತ್ತಿಲ್ಲ. ನಮ್ಮಲ್ಲಿ ಹೆಚ್ಚಿನವರು ಅಂಗೀಠಿ ಇಡುವುದಿಲ್ಲ. ಆದರೆ ನಮ್ಮ ಗೇಟಿನ ಪುಟ್ಟ ಗೂಡಿನಲ್ಲಿ ರಾತ್ರಿಯಿಡೀ ಕೂರುವ ಕಾವಲುಗಾರ ಇಡುತ್ತಾನೆ. ಮನೆಗೆಲಸದಾಕೆಯ ಒಂಟಿ ಕೋಣೆಯಲ್ಲೂ ಇರಬಹುದು. "ಒಳಗೆ ಬೆಂಕಿ ಹಾಕಬೇಡ" ಎಂದು ಬರಿಯ ಬುದ್ಧಿ ಹೇಳಿದರೆ ಅವರ ಚಳಿ ಹೋಗುವುದಿಲ್ಲ. ಸೊಸೈಟಿಯ ಸಭೆಯಲ್ಲಿ ಗಟ್ಟಿಯಾಗಿ ಕೇಳಿ, ಗೂಡಿಗೊಂದು ಹೀಟರ್ ಹಾಕಿಸಿ. ನೀವು ಹೊಸ ರಜಾಯಿ ಕೊಂಡಾಗ ಹಳೆಯದರ ಹತ್ತಿಯನ್ನು ಮತ್ತೆ ಬಡಿಸಿ, ಹೊಸ ಗವಸು ಹಾಕಿಸಿ ಕೊಡಿ. ಹರಿದದ್ದನ್ನು ಹಾಗೇ ದಾನ ಮಾಡಬೇಡಿ.

ಇನ್ನು ಊಟದ ಮಾತು. ಚಳಿಗಾಲದ ಮನೆಗೆ ಹಬ್ಬದ ಕಳೆ ಬರುವುದು ವಾಸನೆಯಿಂದ. ಧನುರ್ಮಾಸದ ಹುಗ್ಗಿ ನೋಡಿ: ಅಕ್ಕಿ, ಹುರಿದ ಹೆಸರುಬೇಳೆ ಸಮಸಮ, ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ, ಮೇಲೆ ಧಾರಾಳ ತುಪ್ಪ. ಚಳಿಗೆ ಇದಕ್ಕಿಂತ ಹೊಂದುವ ಊಟ ಯಾರೂ ಕಂಡುಹಿಡಿದಿಲ್ಲ. ಅವರೆಕಾಳು ಸಿಗದಿದ್ದರೆ ದೆಹಲಿಯ ಸಿಹಿ ಹಸಿಬಟಾಣಿ ಒಂದು ಹಿಡಿ ಹಾಕಿ. ನೈವೇದ್ಯ ಸೂರ್ಯೋದಯಕ್ಕೆ ಮೊದಲು ಆಗಬೇಕು ಎಂದು ನಾಲ್ಕೂವರೆಗೇ ಏಳುವವರಿಗೆ ಒಂದು ಸಮಾಧಾನದ ಸುದ್ದಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳೂಹತ್ತರ ಸುಮಾರಿಗೆ, ಬೆಂಗಳೂರಿಗಿಂತ ಅರ್ಧ ಗಂಟೆ ತಡ. ಊರಿನ ಗಡಿಯಾರ ಬಿಟ್ಟು ಇಲ್ಲಿಯ ಸೂರ್ಯನನ್ನು ನೋಡಿ ಏಳಿ.

ಕ್ರಿಸ್‌ಮಸ್‌ಗೆ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ಮಾಡುತ್ತಾರೆ. ನೆವ್ರಿ, ಗುಲಾಬಿ ಹೂವಿನಂಥ ಅಚ್ಚಿನ ತಿಂಡಿ, ಕಿಡಿಯೋ, ಎಳ್ಳಿನ ಲಾಡು ಎಲ್ಲ ತಟ್ಟೆ ತುಂಬಿ ನೆರೆಹೊರೆಗೆ ಹೋಗುತ್ತವೆ. ಕರಾವಳಿಯಲ್ಲಿ ಬೆಳೆದವರಿಗೆ ಆ ತಟ್ಟೆಯೇ ಕ್ರಿಸ್‌ಮಸ್. ನಮ್ಮ ನಡುವೆಯೂ ಅಂಥ ಮನೆಗಳಿವೆ, ಈ ಸಲ ಅವರಿಂದ ಕಲಿಯೋಣ. ಲೋಹ್ರಿಗೆ ನೆರೆಯವರು ರೇವಡಿ, ಗಜಕ್, ಕಡಲೆಕಾಯಿ ತಂದುಕೊಡುತ್ತಾರೆ. ಮರುದಿನ ನಾವು ಎಳ್ಳು ಬೀರುತ್ತೇವೆ. ಉತ್ತರದವರು ಅದೇ ದಿನ ಖಿಚಡಿ ಮಾಡುತ್ತಾರೆ, ನಾವು ಹುಗ್ಗಿ. ಹೆಸರು ಬೇರೆಯಾದರೂ ಎಳ್ಳು, ಬೆಲ್ಲ, ಬೇಳೆ, ತುಪ್ಪ ಅವೇ. ಚಳಿಗೆ ದೇಹ ಕೇಳುವುದನ್ನೇ ಎಲ್ಲರ ಅಜ್ಜಿಯರೂ ಹಬ್ಬ ಮಾಡಿದ್ದಾರೆ.

ಎಳ್ಳುಬೆಲ್ಲದ ಅಳತೆ ಹಲವರು ಕೇಳುತ್ತಾರೆ. ಕಡಲೆಬೀಜ, ಕೊಬ್ಬರಿ, ಬೆಲ್ಲ ತಲಾ ಒಂದು ಲೋಟ, ಹುರಿಗಡಲೆ, ಬಿಳಿ ಎಳ್ಳು ತಲಾ ಅರ್ಧ ಲೋಟ. ಹೆಚ್ಚಿದ ಕೊಬ್ಬರಿ, ಬೆಲ್ಲವನ್ನು ಎರಡು ದಿನ ಬಿಸಿಲಿಗಿಡಿ. ಅಂಗಡಿಯಲ್ಲಿ ಸಿದ್ಧ ಪೊಟ್ಟಣ ಸಿಗುತ್ತದೆ, ನಿಜ. ಆದರೆ ಮನೆಯವರೆಲ್ಲ ಜಮಖಾನೆಯ ಮೇಲೆ ಕೂತು ಕೊಬ್ಬರಿ ಹೆಚ್ಚುವ ಸಂಜೆ ಪೊಟ್ಟಣದಲ್ಲಿ ಬರುವುದಿಲ್ಲ. ಜನವರಿಯ ಮೊದಲ ಎರಡು ವಾರ ಇಲ್ಲಿನ ಬಹಳಷ್ಟು ಶಾಲೆಗಳಿಗೆ ರಜೆ, ಮಕ್ಕಳೂ ಮನೆಯಲ್ಲಿರುತ್ತಾರೆ.

"ಮನೆಯವರೆಲ್ಲ" ಎಂದೆ. ನಾನು ಹೇಳಬೇಕೆಂದು ಬಂದ ಮಾತು ಇದೇ. ಬೆಚ್ಚಗಿನ ಮನೆಯ ಚಿತ್ರ ನೆನೆಸಿಕೊಳ್ಳಿ: ಹೀಟರ್ ಸುತ್ತ ಎಲ್ಲರೂ ಕೂತಿದ್ದಾರೆ, ನಗುತ್ತಿದ್ದಾರೆ, ಬಿಸಿ ಹುಗ್ಗಿಯ ಆವಿ ಏಳುತ್ತಿದೆ. ಆ ಚಿತ್ರದಲ್ಲಿ ಒಬ್ಬಳು ಇಲ್ಲ. ಆಕೆ ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ನಿಂತಿದ್ದಾಳೆ. ಹೀಟರ್ ಕೂರುವ ಕೋಣೆಯಲ್ಲಿದೆ, ಗೀಸರ್ ಬಚ್ಚಲಲ್ಲಿದೆ, ಅಡುಗೆಮನೆಯ ನಲ್ಲಿಯಲ್ಲಿ ಮಂಜಿನಂಥ ನೀರು. ನಾಲ್ಕೈದು ಡಿಗ್ರಿಗೆ ಇಳಿಯುವ ಬೆಳಗಿನಲ್ಲಿ ಅದೇ ನೀರಿನಲ್ಲಿ ಅಕ್ಕಿ ತೊಳೆಯಬೇಕು. ಆಮೇಲೆ ಇನ್ನೊಬ್ಬಳು ಬಂದು ಪಾತ್ರೆ ತೊಳೆಯಬೇಕು. ಮನೆಯನ್ನು ಬೆಚ್ಚಗೆ ಮಾಡುವ ಕೈಗಳೇ ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿದ್ದರೆ, ಆ ಅಲಂಕಾರಕ್ಕೆ ಏನು ಬೆಲೆ?

ಆದ್ದರಿಂದ ಈ ವರ್ಷದ ಹಬ್ಬದ ಪಟ್ಟಿಯಲ್ಲಿ ದೀಪದ ಸರಕ್ಕಿಂತ ಮೇಲೆ ಇವನ್ನು ಬರೆಯಿರಿ. ಅಡುಗೆಮನೆಯ ನಲ್ಲಿಗೊಂದು ಪುಟ್ಟ ಗೀಸರ್. ಆಗದಿದ್ದರೆ ಒಂದು ಬಕೆಟ್ ಬಿಸಿನೀರು ಮತ್ತು ರಬ್ಬರ್ ಕೈಗವಸು, ನಿಮಗೊಂದು ಜೊತೆ, ಆಕೆಗೊಂದು ಜೊತೆ. ಒಲೆಯ ಮುಂದೆ ನಿಲ್ಲುವ ಜಾಗಕ್ಕೆ ದಪ್ಪನೆಯ ಗೋಣಿ ಅಥವಾ ಚಾಪೆ. ಕೊಬ್ಬರಿ, ಬೆಲ್ಲ ಹೆಚ್ಚಲು ತೋಳಿನ ಬಲ ಬೇಕು, ಅದು ಮಹನೀಯರ ಪಾಲಿಗೆ. ಧನುರ್ಮಾಸದಲ್ಲಿ ಭಾನುವಾರದ ಹುಗ್ಗಿಯೂ ಅವರದೇ ಇರಲಿ, ಅನ್ನ ಬೇಳೆ ಬೇಯಿಸುವುದಕ್ಕೆ ಪದವಿ ಬೇಕಿಲ್ಲ. ಊರಿನಿಂದ ಬಂದ ಅತ್ತೆ, ಅಮ್ಮ ಚಳಿಗೆ ಹೆದರಿ ಕೋಣೆಯಲ್ಲೇ ಉಳಿದಿದ್ದರೆ, ಮಧ್ಯಾಹ್ನ ಬಿಸಿಲಿನ ಬಾಲ್ಕನಿಗೆ ಅವರ ಜೊತೆ ನೀವೂ ಕಿತ್ತಳೆ ಹಣ್ಣು ಹಿಡಿದು ಹೋಗಿ ಕೂತುಬಿಡಿ. ಪಕ್ಕದ ಬಾಲ್ಕನಿಯ ಪಂಜಾಬಿ ಅಜ್ಜಿಯೊಂದಿಗೆ ಭಾಷೆ ಬಾರದೆಯೂ ಅವರು ಗೆಳತಿಯರಾಗುತ್ತಾರೆ. ಸ್ವೆಟರ್ ಹೆಣೆಯುವ ಕಡ್ಡಿಗೆ ಹಿಂದಿಯೂ ಬೇಡ, ಕನ್ನಡವೂ ಬೇಡ.

ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುತ್ತೇವೆ. ಈ ಸಲ ಎಳ್ಳಿನ ಮೊದಲ ಪೊಟ್ಟಣವನ್ನು ಪಾತ್ರೆ ತೊಳೆಯುವಾಕೆಗೂ ಗೇಟಿನವನಿಗೂ ಕೊಟ್ಟು, ಒಂದು ಒಳ್ಳೆಯ ಮಾತನ್ನೂ ಜೊತೆಗೆ ಕೊಡೋಣ. ಚಹಾ ಬಂದಿದೆ ಎಂದು ಕಾಣುತ್ತದೆ, ಇನ್ನು ನಿಮ್ಮನ್ನು ತಡೆಯುವುದಿಲ್ಲ. ಎಲ್ಲರಿಗೂ ಹಬ್ಬಗಳ ಶುಭಾಶಯ.