ಪರದೆಯ ಮೇಲೆ ಮನೆಯ ಚಿತ್ರಗಳು

ಚಿತ್ರಗಳ ವಿಷಯವನ್ನು ರೇಡಿಯೋದಲ್ಲಿ ಮಾತನಾಡಹೊರಡುವುದು ವಿಚಿತ್ರವೇ ಸರಿ. ನಿಮಗೆ ನಾನು ಒಂದು ಚಿತ್ರವನ್ನೂ ತೋರಿಸಲಾರೆ. ಆದರೆ ಈಗ ಹೇಳಬೇಕೆಂದಿರುವುದು ಚಿತ್ರಗಳ ಸೊಗಸನ್ನಲ್ಲ. ಅವು ಕಾಣಬೇಕಾದ ಕಡೆ ಕಾಣದೆ ಹೋದ ಕಥೆಯನ್ನು. ಅದಕ್ಕೆ ಕಿವಿ ಸಾಕು.

2024ರ ಫೆಬ್ರವರಿಯಲ್ಲಿ ನಮ್ಮ ತಂದೆಯವರಿಗೆ ಸಹಸ್ರಚಂದ್ರದರ್ಶನ ಶಾಂತಿಯನ್ನು ಮಾಡಿಸಿದೆವು. ಸಾವಿರ ಹುಣ್ಣಿಮೆಗಳಿಗೆ ಸುಮಾರು 29,530 ದಿನಗಳು. ಎಂದರೆ 80 ವರ್ಷ 10 ತಿಂಗಳು. ಅಷ್ಟು ದೀರ್ಘವಾದ ಬಾಳಿನ ಚಿತ್ರಗಳನ್ನೆಲ್ಲ ಒಂದೆಡೆ ಕೂಡಿಸಿ, ಊಟಕ್ಕೆ ಮುಂಚೆ ನೆಂಟರಿಷ್ಟರ ಮುಂದೆ ಟೀವಿಯಲ್ಲಿ ಒಂದಾದ ಮೇಲೊಂದು ತೋರಿಸಬೇಕೆಂಬ ಯೋಚನೆ ನನ್ನ ತಂಗಿಯ ಮಗನದು. ಸ್ಲೈಡ್ ಶೋ ಎಂದು ಅದಕ್ಕೆ ಹೆಸರು. ಆತ ಎಂಜಿನಿಯರಿಂಗ್ ಓದುವ ಹುಡುಗ. ನಾನು ಮೂವತ್ತು ವರ್ಷಗಳಿಂದ ಭೌತವಿಜ್ಞಾನ ಪಾಠ ಹೇಳುತ್ತಿರುವವನು. ನಮ್ಮಿಬ್ಬರಿಗೆ ಇದೊಂದು ಕೆಲಸವೆ, ಒಂದು ಸಂಜೆಯಲ್ಲಿ ಮುಗಿದೀತು ಎಂದುಕೊಂಡೆವು. ಐದು ಸಂಜೆಗಳು ಹಿಡಿದವು.

ಮೊದಲನೆಯ ಸಂಜೆ ಚಿತ್ರಗಳನ್ನು ತುಂಬಿದ ಪೆನ್ ಡ್ರೈವನ್ನು ಟೀವಿಯ ಹಿಂಬದಿಗೆ ಸಿಕ್ಕಿಸಿದೆವು. ಟೀವಿ ಕಂಡೂ ಕಾಣದಂತೆ ಸುಮ್ಮನಿತ್ತು. ಅದೇ ಪೆನ್ ಡ್ರೈವ್ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತೆರೆಯುತ್ತಿತ್ತು. ಕಾರಣ ಸರಳವಾದುದು. ಪೆನ್ ಡ್ರೈವಿನೊಳಗೆ ಯಾವ ಕಡತ ಎಲ್ಲಿದೆಯೆಂದು ಗುರುತಿಡುವ ಒಂದು ಏರ್ಪಾಡು ಇರುತ್ತದೆ. ಉಗ್ರಾಣದಲ್ಲಿ ಯಾವ ಡಬ್ಬಿ ಯಾವ ಹಲಗೆಯ ಮೇಲೆಂದು ಬರೆದಿಟ್ಟ ಪಟ್ಟಿಯ ಹಾಗೆ. ಈ ಪಟ್ಟಿಯನ್ನು ಬರೆಯುವ ರೀತಿ ಒಂದೇ ಅಲ್ಲ. ಫ್ಯಾಟ್32 ಎಂಬುದು ಹಳೆಯದು, ಬಹುಮಟ್ಟಿಗೆ ಎಲ್ಲ ಟೀವಿಗಳೂ ಓದಬಲ್ಲವು. ಎಕ್ಸ್‌ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್ ಎಂಬವನ್ನು ಕೆಲವು ಓದುತ್ತವೆ, ಕೆಲವು ಓದಲಾರವು. ಹೆಚ್ಚು ಹಿಡಿಸುವ ಪೆನ್ ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಏರ್ಪಾಡಿನಲ್ಲಿಯೇ ಅಂಗಡಿಗೆ ಬರುತ್ತವೆ. ನಮ್ಮದನ್ನು ಫ್ಯಾಟ್32ಕ್ಕೆ ಬದಲಿಸಿದೊಡನೆ ಟೀವಿ ಕಣ್ಣು ತೆರೆಯಿತು. ಹೀಗೆ ಬದಲಿಸುವಾಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಚಿತ್ರಗಳ ಮತ್ತೊಂದು ಪ್ರತಿ ಬೇರೆಡೆ ಇರಬೇಕು.

ಕಣ್ಣು ತೆರೆದ ಟೀವಿ ಎಲ್ಲವನ್ನೂ ನೋಡಲು ಒಪ್ಪಿತೆ? ಇಲ್ಲ. ಮೂರರಲ್ಲಿ ಒಂದು ಚಿತ್ರದ ಜಾಗದಲ್ಲಿ, ಈ ಕಡತವನ್ನು ತೋರಿಸಲಾಗದು ಎಂಬ ಒಕ್ಕಣೆ. ಅವೆಲ್ಲ ನನ್ನ ತಂಗಿ ತನ್ನ ಫೋನಿನಲ್ಲಿ ತೆಗೆದವು. 1992ರಲ್ಲಿ ರೂಪುಗೊಂಡ ಜೆಪೆಗ್ ಎಂಬ ಪದ್ಧತಿಯಲ್ಲಿ ಫೋಟೋಗಳನ್ನು ಅಡಕಿಸಿಡುವುದು ಬಹುಕಾಲದ ವಾಡಿಕೆ. 2017ರಿಂದೀಚೆಗೆ ಕೆಲವು ಫೋನುಗಳು ಎಚ್‌ಇಐಸಿ ಎಂಬ ಬೇರೊಂದು ಪದ್ಧತಿಯನ್ನು ಹಿಡಿದಿವೆ. ಅದರಲ್ಲಿ ಚಿತ್ರಕ್ಕೆ ಸುಮಾರು ಅರ್ಧದಷ್ಟು ಸ್ಥಳ ಸಾಕು. ಆದರೆ ನಮ್ಮ ಮನೆಯ ಟೀವಿಗೆ ಅದರ ಪರಿಚಯವೇ ಇಲ್ಲ. ಹುಡುಗ ಜಾಣತನದಿಂದ ಕಡತದ ಹೆಸರಿನ ಬಾಲವನ್ನು ಬದಲಿಸಿ ನೋಡಿದ. ಚೀಲದ ಮೇಲಿನ ಚೀಟಿಯನ್ನು ಬದಲಿಸಿದರೆ ಒಳಗಿನ ರಾಗಿ ಅಕ್ಕಿಯಾದೀತೆ? ಕಂಪ್ಯೂಟರಿನಲ್ಲಿ ತೆರೆದು, ಜೆಪೆಗ್ ಆಗಿ ಮತ್ತೊಮ್ಮೆ ಉಳಿಸಬೇಕಾಯಿತು. ಹೀಗೆ ಮಾಡುವಾಗಲೇ ಚಿತ್ರಗಳ ಗಾತ್ರವನ್ನೂ ತಗ್ಗಿಸಿದೆವು. ಫೋನಿನ ಚಿತ್ರವೊಂದರಲ್ಲಿ 4032 ಅಡ್ಡ, 3024 ಉದ್ದ, ಎಂದರೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮೀರಿದ ಬಿಂದುಗಳು. ನಮ್ಮ ಟೀವಿಯ ಪರದೆಯಲ್ಲಿ ಇರುವವು 1920ಕ್ಕೆ 1080, ಸುಮಾರು ಇಪ್ಪತ್ತು ಲಕ್ಷ. ಸೇರಿನ ಪಾತ್ರೆಗೆ ಕೊಳಗವನ್ನು ಸುರಿದಂತೆ, ಒಂದೊಂದು ಚಿತ್ರಕ್ಕೂ ಟೀವಿ ಏದುಸಿರು ಬಿಡುತ್ತಿತ್ತು.

ಅಡ್ಡ ಬಿದ್ದ ಚಿತ್ರಗಳದು ಸಣ್ಣ ತೊಂದರೆ. ಫೋನನ್ನು ಹೇಗೆ ತಿರುಗಿಸಿ ಹಿಡಿದರೂ ಒಳಗಿನ ಸಾಧನ ತನ್ನ ರೀತಿಯಲ್ಲಿಯೇ ಚಿತ್ರವನ್ನು ಬರೆದು, ಇದನ್ನು ಇಷ್ಟು ತಿರುಗಿಸಿ ತೋರಿಸತಕ್ಕದ್ದು ಎಂದು ಜೊತೆಗೊಂದು ಟಿಪ್ಪಣಿ ಇಡುತ್ತದೆ. ಟಿಪ್ಪಣಿಯನ್ನು ಓದದ ಟೀವಿಯಲ್ಲಿ ನಮ್ಮ ಚಿಕ್ಕಪ್ಪನವರು ಗೋಡೆಗೆ ಕಾಲೂರಿ ಮಲಗಿದ್ದರು. ಕಂಪ್ಯೂಟರಿನಲ್ಲಿ ಬಿಂದುಗಳನ್ನೇ ತಿರುಗಿಸಿ ಉಳಿಸಿದರೆ ಎದ್ದು ನಿಲ್ಲುತ್ತಾರೆ.

ನಿಜವಾದ ಕಷ್ಟ ಅನುಕ್ರಮದ್ದು. ಚಿತ್ರಗಳಿಗೆ 1, 2, 3 ಎಂದು ಹೆಸರಿಟ್ಟಿದ್ದೆ. ಟೀವಿಯಾದರೋ ಅಂಕೆಗಳನ್ನು ಅಕ್ಷರಗಳಂತೆ ಓದುವುದು. ನಿಘಂಟಿನಲ್ಲಿ ಶಬ್ದಗಳನ್ನು ಜೋಡಿಸಿದ ಹಾಗೆ ಒಂದಾದ ಮೇಲೆ ಹತ್ತು, ಹತ್ತಾದ ಮೇಲೆ ನೂರು, ಎರಡಕ್ಕೆ ಸರದಿ ಬರುವುದು ಎಷ್ಟೋ ಹೊತ್ತಿನ ಮೇಲೆ. 001, 002 ಎಂದು ಮೂರು ಸ್ಥಾನಗಳಲ್ಲಿ ಬರೆದರೆ ಆ ತೊಡಕು ತೀರುತ್ತದೆ. ಇಷ್ಟೆಲ್ಲ ಏಕೆ, ದಿನಾಂಕದಂತೆ ಜೋಡಿಸೆಂದರೆ ತಾನೇ ಜೋಡಿಸುತ್ತದಲ್ಲ ಎಂದು ಹುಡುಗ ಹೇಳಿದ. ಜೋಡಿಸಿದೆವು. ನಮ್ಮ ತಂದೆತಾಯಿಯರ ಮದುವೆ ಎಲ್ಲಕ್ಕಿಂತ ಕೊನೆಯಲ್ಲಿ, ಮರಿಮಗಳ ನಾಮಕರಣದ ಆಚೆಗೆ ಬಂದಿತು! ಆ ಫೋಟೋವನ್ನು ಸ್ಕ್ಯಾನ್ ಮಾಡಿದ್ದು ಹಿಂದಿನ ವಾರ. ಯಂತ್ರಕ್ಕೆ ಅದೇ ಅದರ ಜನ್ಮದಿನ. ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರಗಳಿಗಂತೂ ತೆಗೆದ ದಿನದ ಗುರುತೇ ಉಳಿದಿರುವುದಿಲ್ಲ. ಹೆಸರಿನಲ್ಲಿ ಕಾಣುವುದು ನಮ್ಮ ಕೈಸೇರಿದ ದಿನ. ತಂಗಿಯ ಹಳೆಯ ಕ್ಯಾಮೆರಾ ಒಂದಿತ್ತು. ಅದರ ಒಳಗಡಿಯಾರ ನಿಂತು, ತೆಗೆದದ್ದೆಲ್ಲವೂ ಯಾವುದೋ ವರ್ಷದ ಜನವರಿ ಒಂದರಂದೇ ನಡೆದುಹೋಗಿತ್ತು.

ಹಿಂದೆ ಸ್ಲೈಡ್ ಪ್ರೊಜೆಕ್ಟರುಗಳಿದ್ದವು. 1960ರ ದಶಕದಲ್ಲಿ ಬಂದ ಕೊಡಾಕ್ ಕೆರೋಸೆಲ್ ಎಂಬುದರ ಚಕ್ರದಲ್ಲಿ 80 ಸ್ಲೈಡುಗಳು ಕೂರುತ್ತಿದ್ದವು. 2004ರಲ್ಲಿ ಅದರ ತಯಾರಿಕೆ ನಿಂತಿತು. ಸ್ಲೈಡನ್ನು ತಲೆಕೆಳಗಾಗಿಟ್ಟರೆ ಪರದೆಯ ಮೇಲೆ ನೇರವಾಗಿ ಬೀಳುವುದು. ಅದರಲ್ಲಿ ಅನುಕೂಲವೆಂದರೆ, ಯಾವುದರ ಮುಂದೆ ಯಾವುದು ಎಂಬುದನ್ನು ಮನುಷ್ಯನೇ ಕೈಯಿಂದ ಇಡಬೇಕಾಗಿತ್ತು. ನಾವೂ ಕೊನೆಗೆ ಅದನ್ನೇ ಮಾಡಿದೆವು. ಹಳೆಯ ಫೋಟೋಗಳನ್ನು ಜಮಖಾನದ ಮೇಲೆ ಹರಡಿ, ಅಮ್ಮನನ್ನು ಕೂರಿಸಿಕೊಂಡು ಕೇಳಿದೆವು. ಆಕೆ ಇಸವಿಯನ್ನು ಹೇಳುವವರಲ್ಲ. ‘ಇದು ಕೆಂಪು ಹಸು ಕರು ಹಾಕಿದ ವರ್ಷದ್ದು’, ‘ಇದರಲ್ಲಿ ನೀನು ಹೊಟ್ಟೆಯಲ್ಲಿದ್ದೆ, ಕಾಣುವುದಿಲ್ಲ ಅಷ್ಟೆ’ ಎಂದು ಹೇಳುವರು. ಅದನ್ನು ಇಸವಿಗೆ ತಿರುಗಿಸುವ ಕೆಲಸ ನನ್ನದಾಯಿತು. ಮೊದಲು ಕೂಡಿದ್ದವು 612 ಚಿತ್ರಗಳು. ಒಂದಕ್ಕೆ ಎಂಟು ಸೆಕೆಂಡಿನಂತೆ ಲೆಕ್ಕ ಹಾಕಿದರೆ ಸುಮಾರು 82 ನಿಮಿಷ. ಬಡಿಸಿದ ಎಲೆಗಳು ಆರಿಹೋಗುತ್ತವೆ. 180ಕ್ಕೆ ಇಳಿಸಿದೆವು, 24 ನಿಮಿಷ.

ಟೀವಿಯ ಮರ್ಜಿಗೆ ಬಿಡುವುದು ಬೇಡವೆಂದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪೋಣಿಸಿ ಒಂದೇ ವಿಡಿಯೋ ಮಾಡಿದೆವು. ಎಂಪಿ4 ಕಡತ, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಎಂದು ಆರಿಸಿಕೊಂಡರೆ ಸಾಮಾನ್ಯವಾಗಿ ಮೋಸವಿಲ್ಲ. ಚಿತ್ರ ಓಡಿ ನಾಗಸ್ವರ ಮಾತ್ರ ಕೇಳಿಸದಿದ್ದರೆ ಧ್ವನಿಯ ಪದ್ಧತಿಯನ್ನು ಟೀವಿ ಅರಿಯದು ಎಂದೇ ತಿಳಿಯಬೇಕು. ಫ್ಯಾಟ್32ರಲ್ಲಿ ಒಂದು ಕಡತ ನಾಲ್ಕು ಗಿಗಾಬೈಟನ್ನು ಮುಟ್ಟುವಂತಿಲ್ಲ; ನಮ್ಮದು ಅದರ ಹತ್ತಿರಕ್ಕೂ ಹೋಗಲಿಲ್ಲ.

ನಾಲ್ಕನೆಯ ಸಂಜೆ ಮನೆಮಂದಿ ಹನ್ನೊಂದು ಜನ ಕುಳಿತು ನೋಡಿದೆವು. ಎಲ್ಲಿಯೂ ತಡೆಯಿಲ್ಲ, ಒಕ್ಕಣೆಯಿಲ್ಲ, ಪರದೆಯ ತುಂಬ ಚಿತ್ರ. ಎಲ್ಲರೂ ಭೇಷ್ ಎಂದರು. ಅಮ್ಮ ಬಾಗಿಲ ಬಳಿ ಅವರೆಕಾಳು ಹಿಸುಕುತ್ತ ಕುಳಿತಿದ್ದರು. ಮದುವೆಯ ಗುಂಪಿನ ಚಿತ್ರ ಬಂದಾಗ ಕೈ ನಿಲ್ಲಿಸಿದರು.

‘ಅದನ್ನು ನಿಲ್ಲಿಸೋ. ನಿಮ್ಮತ್ತೆ ಎಲ್ಲಿ?’

‘ಯಾವ ಅತ್ತೆಯಮ್ಮ?’

‘ಇನ್ಯಾವ ಅತ್ತೆ? ಹಿಂದೆ ಬೆಂಚಿನ ಮೇಲೆ ನಿಂತಿದ್ದರಲ್ಲ. ಅವರನ್ನು ಯಾಕೋ ತೆಗೆದುಬಿಟ್ಟೆ?’

ನಾನು ಯಾರನ್ನೂ ತೆಗೆದಿರಲಿಲ್ಲ. ಆದರೆ ಪರದೆಯ ಮೇಲೆ ಅತ್ತೆ ಇರಲಿಲ್ಲ. ಹಿಂದಿನ ಸಾಲೇ ಇರಲಿಲ್ಲ. ನೆಲದ ಮೇಲೆ ಕಾಲು ಮಡಿಸಿ ಕುಳಿತಿದ್ದ ಮಕ್ಕಳೂ ಇರಲಿಲ್ಲ.

ಇದರ ಕಾರಣವನ್ನು ತುಸು ನಿಧಾನವಾಗಿ ಹೇಳಬೇಕು. ಟೀವಿಯ ಪರದೆ ಅಗಲಕ್ಕೆ 16 ಪಾಲು, ಎತ್ತರಕ್ಕೆ 9 ಪಾಲು. ನಮ್ಮ ಮನೆಯ ಚಿತ್ರಗಳಲ್ಲಿ ಆ ಆಕಾರದವು ಒಂದೂ ಇಲ್ಲ. 1966ರ ಆ ಗುಂಪಿನ ಚಿತ್ರ 12 ಅಂಗುಲಕ್ಕೆ 10. ಅದನ್ನು ಪರದೆಯ ಅಂಚಿನಿಂದ ಅಂಚಿಗೆ ತುಂಬಿಸಿದರೆ, 10 ಅಂಗುಲದ ಎತ್ತರದಲ್ಲಿ ಕಾಣುವುದು ಆರೂಮುಕ್ಕಾಲು ಅಂಗುಲ. ಮೇಲೆ ಕೆಳಗೆ ಸೇರಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಹೊರಗೆ ಉಳಿಯುತ್ತದೆ. ಫೋನಿನ ಚಿತ್ರದಲ್ಲಿ ಕಾಲುಭಾಗ ಹೋಗುತ್ತದೆ. ಅಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಇದ್ದಿರಬಹುದು, ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರಗಳು. ಆ ಚೌಕಗಳಲ್ಲಿ ಹದಿನಾರರಲ್ಲಿ ಏಳು ಪಾಲು ಹೋಗುತ್ತದೆ. ಚಿತ್ರ ಪೋಣಿಸುವ ಎಷ್ಟೋ ತಂತ್ರಾಂಶಗಳಲ್ಲಿ, ಪರದೆ ತುಂಬಿಸು ಎಂಬುದು ನಾವು ಹೇಳದೆಯೇ ಜಾರಿಯಲ್ಲಿರುತ್ತದೆ. ಸಾಲದೆಂಬಂತೆ, ನಿಂತ ಚಿತ್ರದ ಮೇಲೆ ಕಣ್ಣು ಮೆಲ್ಲನೆ ಸರಿದು ಹತ್ತಿರವಾಗುವಂತೆ ಮಾಡುವ ಒಂದು ಬೆಡಗೂ ಉಂಟು. ಅಮೆರಿಕದ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಅವರ ಹೆಸರಿನಿಂದ ಅದನ್ನು ಕರೆಯುತ್ತಾರೆ. ಅವರು ಎಲ್ಲಿ ಹತ್ತಿರವಾಗಬೇಕೆಂದು ತಾವೇ ಆರಿಸುತ್ತಿದ್ದರು. ಇಲ್ಲಿ ಯಂತ್ರ ಆರಿಸುತ್ತದೆ.

ಪೆನ್ ಡ್ರೈವ್ ತೆರೆಯದಿದ್ದಾಗ ನಮಗೆ ಗೊತ್ತಾಯಿತು. ಚಿತ್ರ ಬಾರದಿದ್ದಾಗ ಟೀವಿಯೇ ಹೇಳಿತು. ಇದನ್ನು ಯಾರು ಹೇಳಬೇಕು? ಹನ್ನೊಂದು ಜನ ನೋಡಿ ಭೇಷ್ ಎಂದಿದ್ದೆವು. ನಾನೂ ಒಬ್ಬ.

ಅತ್ತೆ ನಮ್ಮ ತಂದೆಯವರ ಅಕ್ಕ. ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಶುಭಕಾರ್ಯದಲ್ಲಿ ಮುಂದೆ ಬರತಕ್ಕವರಲ್ಲ ಎಂಬ ಕಾಲ. ಫೋಟೋ ತೆಗೆಯುವಾಗ ಅಡಿಗೆಮನೆಯಲ್ಲಿದ್ದರಂತೆ. ಹಾಸನದಿಂದ ಬಂದಿದ್ದ ಫೋಟೋಗ್ರಾಫರು ಇನ್ನೂ ಯಾರಾದರೂ ಇದ್ದಾರೆಯೆ ಎಂದು ಕೇಳಿದಾಗ, ಹೊಸ ಮದುವಣಗಿತ್ತಿಯಾಗಿದ್ದ ಅಮ್ಮನೇ ಅವರನ್ನು ಕರೆಯಿರೆಂದರಂತೆ. ಬಂದು ಕೊನೆಯ ಸಾಲಿನ ಬೆಂಚಿನ ತುದಿಯಲ್ಲಿ ನಿಂತರು. ಮುಂದಿನವರ ಪೇಟದ ಮೇಲೆ ಸೆರಗು ಹೊದ್ದ ಒಂದು ಮುಖ, ಅಷ್ಟೆ. 1981ರಲ್ಲಿ ಅವರು ತೀರಿಕೊಂಡಾಗ ನನಗೆ ಹದಿಮೂರು ವರ್ಷ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಆಕೆಯ ಬೇರೊಂದು ಫೋಟೋ ನಮ್ಮಲ್ಲಿ ಇಲ್ಲ.

‘ನಾನು ಈ ಮನೆಗೆ ಬಂದ ವರ್ಷ ನನಗೆ ಹಸಿವು ಅಂತ ಒಂದಿದೆ ಎಂದು ತಿಳಿದು ಬಡಿಸಿದವರು ಅವರೊಬ್ಬರೆ’ ಎಂದರು ಅಮ್ಮ. ಮತ್ತೆ ಅವರೆಕಾಳಿಗೆ ಕೈಹಾಕಿದರು.

ಐದನೆಯ ಸಂಜೆ 180 ಚಿತ್ರಗಳನ್ನೂ ಮತ್ತೆ ಕೂಡಿಸಿದೆವು. ತುಂಬಿಸು ಎಂಬುದನ್ನು ತೆಗೆದು ಅಡಗಿಸು ಎಂಬುದನ್ನು ಆರಿಸಿದರೆ, ಚಿತ್ರ ಪೂರ್ತಿ ಒಳಗೆ ಕೂತು, ಎಡಬಲಗಳಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಅದು ಟೀವಿಯ ದೋಷವಲ್ಲ, ಕೊರತೆಯೂ ಅಲ್ಲ. ಚಿತ್ರದ ಆಕಾರ ಅಷ್ಟೆ. ಸರಿಯುವ ಬೆಡಗನ್ನು ಪೂರ್ತಿ ನಿಲ್ಲಿಸಿದೆವು. ಕೆಲವು ಟೀವಿಗಳು ತಾವೂ ನಾಲ್ಕು ಅಂಚುಗಳನ್ನು ಒಂದಿಷ್ಟು ಕತ್ತರಿಸುವುದುಂಟು; ಚಿತ್ರದ ಅಳತೆಯನ್ನು ಇದ್ದಂತೆ ತೋರಿಸಲು ಟೀವಿಯಲ್ಲಿಯೇ ಏರ್ಪಾಡಿರುತ್ತದೆ, ಹುಡುಕಿ ಹಾಕಬೇಕು. ಹುಡುಗನಿಗೊಂದು ಒಳ್ಳೆಯ ಯೋಚನೆ ಹೊಳೆಯಿತು. ಖಾಲಿ ಉಳಿದ ಕಪ್ಪು ಪಟ್ಟಿಯಲ್ಲಿ ಇಸವಿಯನ್ನೂ ಹೆಸರುಗಳನ್ನೂ ಬರೆಯೋಣವೆಂದ. ಆ ತಂತ್ರಾಂಶಕ್ಕೆ ನಮ್ಮ ಒತ್ತಕ್ಷರಗಳು ಒಗ್ಗಲಿಲ್ಲ. ಅತ್ತೆ, ಅಮ್ಮ, ಅಜ್ಜ ಎಲ್ಲರೂ ತುಂಡುತುಂಡಾದರು. ಹೆಸರುಗಳನ್ನು ಬೇರೆ ಕಡೆ ಬರೆದು, ಅದನ್ನೂ ಒಂದು ಚಿತ್ರವಾಗಿ ಮಾಡಿ ಅಂಟಿಸಿದೆವು. ಗುಂಪಿನಲ್ಲಿ 34 ಜನ. ಅಮ್ಮ 29 ಜನರ ಹೆಸರು ಹೇಳಿದರು. ಉಳಿದ ಐವರ ಜಾಗವನ್ನು ಖಾಲಿ ಬಿಟ್ಟಿದ್ದೇವೆ.

ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಕುಳಿತಿದ್ದ ನೆಂಟರೊಬ್ಬರು, ಇಷ್ಟು ದೊಡ್ಡ ಟೀವಿಯಲ್ಲಿ ಚಿತ್ರ ಚಿಕ್ಕದಾಗಿ ಬರುತ್ತಿದೆಯಲ್ಲ, ಏನೋ ಕೆಟ್ಟಿರಬೇಕು ಎಂದರು. ಇಲ್ಲ, ಸರಿಯಾಗಿದೆ ಎಂದೆ. ಮದುವೆಯ ಚಿತ್ರ ಬಂದಾಗ ಅಮ್ಮ ಕೈಯೆತ್ತಿದರು. ಹುಡುಗ ಅಲ್ಲಿಯೇ ನಿಲ್ಲಿಸಿದ. ತಂದೆಯವರು ಕುರ್ಚಿಯಿಂದೆದ್ದು, ಪರದೆಯ ಹತ್ತಿರ ಹೋಗಿ, ಕನ್ನಡಕವನ್ನು ಮೇಲೆ ಸರಿಸಿ, ಬೆಂಚಿನ ತುದಿಯನ್ನು ನೋಡುತ್ತ ನಿಂತರು. ಚಿತ್ರ ಅಲುಗದೆ ಹೆಚ್ಚು ಹೊತ್ತು ನಿಂತರೆ ನಮ್ಮ ಟೀವಿ ತಾನಾಗಿಯೇ ಪರದೆಯನ್ನು ಮಸುಕು ಮಾಡುತ್ತದೆ. ಅದಕ್ಕೆ ನಾವು ಪರಿಹಾರ ಹುಡುಕಿರಲಿಲ್ಲ. ಹುಡುಗ ರಿಮೋಟನ್ನು ಹಿಡಿದು, ಮಸುಕಾಗತೊಡಗಿದಾಗಲೆಲ್ಲ ಒಂದು ಗುಂಡಿಯನ್ನು ಒತ್ತುತ್ತ, ಅವರು ತಿರುಗಿ ಬರುವವರೆಗೂ ಹಿಂದೆ ನಿಂತಿದ್ದ.